ರೆಕ್ಕೆ ಬಲಿಯುವ ಹೊತ್ತಿನ ಹುಡುಗಿ

ಕಾಡುಬಾತಿನ ಮರಿಯ ಹೆಸರು ಜಡೆ ಹುಡುಗಿಗೆ ಬಂತು. ಜಡೆ ಕತ್ತರಿಸಿದಾಗ ಅದು ಫ್ಯಾಷನ್ ಆಯಿತು, ವೋಟು ಕೇಳಿದಾಗ ಬೈಗುಳವಾಯಿತು. ‘ಫ್ಲ್ಯಾಪರ್’ ಎಂಬ ಇಂಗ್ಲಿಷ್ ಆಡುಮಾತಿನ ಮುನ್ನೂರು ವರ್ಷಗಳ ಹಾರಾಟ.

ಇನ್ನೂರೈವತ್ತು ವರ್ಷ ಹಿಂದಿನ ಇಂಗ್ಲೆಂಡು. ಬೇಸಿಗೆ ಮುಗಿಯುತ್ತಿರುವ ದಿನಗಳ ಒಂದು ಬೆಳಗು. ಜೌಗು ನೆಲದ ಜೊಂಡಿನ ಮರೆಯಿಂದ ಕಾಡುಬಾತಿನ ಮರಿಯೊಂದು ನೀರಿನ ಮೇಲೆ ಓಡಿಬರುತ್ತದೆ. ಮೈತುಂಬ ಗರಿ ಮೂಡಿದೆ, ರೆಕ್ಕೆಗೆ ಕಸುವು ಬಂದಿಲ್ಲ. ಪಟಪಟ ಬಡಿಯುತ್ತದೆ, ಗೇಣೆತ್ತರ ಏಳುತ್ತದೆ, ಮತ್ತೆ ನೀರಿಗೆ ಬೀಳುತ್ತದೆ. ದಡದಲ್ಲಿ ಕೋವಿ ಹಿಡಿದು ನಿಂತವನಿಗೆ ತೀರ ಸುಲಭದ ಗುರಿ.

ಬೇಟೆಗಾರರ ಬಾಯಲ್ಲಿ ಆ ಮರಿಯ ಹೆಸರು ‘ಫ್ಲ್ಯಾಪರ್’. ‘ಫ್ಲ್ಯಾಪ್’ ಎಂದರೆ ಪಟಪಟನೆ ಬಡಿಯುವುದು. ಹಾಗೆ ಬಡಿಯುವುದೇ ಫ್ಲ್ಯಾಪರ್. 18ನೇ ಶತಮಾನದ ನಡುಭಾಗದ ಬರಹಗಳಲ್ಲೇ ಈ ಅರ್ಥ ಸಿಗುತ್ತದೆ. ಗೂಡು ಬಿಟ್ಟು ಇನ್ನೂ ಬಾನು ಮುಟ್ಟದ ಹಕ್ಕಿಗಳನ್ನು ಹೊಡೆಯುವ ಬೇಟೆಗೆ ‘ಫ್ಲ್ಯಾಪರ್ ಶೂಟಿಂಗ್’ ಎಂದೇ ಹೆಸರಿತ್ತು.

1920ರ ದಶಕದಲ್ಲಿ ಇದೇ ಪದ ಮೋಟುಗೂದಲಿನ, ಮೊಣಕಾಲುದ್ದ ಉಡುಪಿನ, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದ ಹುಡುಗಿಯ ಹೆಸರಾಗಿ ಊರೂರು ಸುತ್ತಿತು. ಇಂದಿಗೂ ಬಹಳ ಮಂದಿಗೆ ಗೊತ್ತಿರುವುದು ಆ ಒಂದು ಚಿತ್ರ ಮಾತ್ರ. ಪದಕ್ಕೆ ಅದಕ್ಕಿಂತ ಮುಂಚೆಯೂ ಆಮೇಲೂ ಬೇರೆ ಅರ್ಥಗಳಿದ್ದವು. ಅವುಗಳಲ್ಲಿ ಬಹುಪಾಲನ್ನು ಕೊಟ್ಟವರು ಹುಡುಗಿಯರಲ್ಲ, ಹುಡುಗಿಯರನ್ನು ದಡದಲ್ಲಿ ನಿಂತು ನೋಡುತ್ತಿದ್ದವರು.

ಜಡೆಯವಳು, ತುರುಬಿನವಳು

ಹಕ್ಕಿಯ ಹೆಸರು ಹುಡುಗಿಗೆ ದಾಟಿದ ದಾರಿ ಒಂದೇ ಅಲ್ಲ. ಮೊದಲ ದಾರಿ ನೇರ. ರೆಕ್ಕೆ ಬಡಿದೂ ಹಾರಲಾರದ ಮರಿಯ ಹಾಗೆ, ಬಾಲ್ಯ ದಾಟಿಯೂ ಹೆಂಗಸರ ಸಾಲಿಗೆ ಸೇರದವಳು. ಮಕ್ಕಳು ಮಾತು ಮೀರಿ ನಡೆದಾಗ ‘ರೆಕ್ಕೆ ಬಲಿತಿದೆ’ ಎನ್ನುವ ಕನ್ನಡದ ಮನೆಗಳಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ದಾರಿ ಜಡೆಯದು. ಓಡುವಾಗ ಬೆನ್ನ ಮೇಲೆ ಪಟಪಟ ಬಡಿಯುವ ಹೆಣಲು ಇರುವವಳು ಫ್ಲ್ಯಾಪರ್. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಹದಿಹರೆಯದ ಹುಡುಗಿಗೆ ‘ಫ್ಲ್ಯಾಪ್’ ಎನ್ನುತ್ತಿದ್ದರು. ನೆಲೆ ನಿಲ್ಲದ, ಚಂಚಲ ಹುಡುಗಿ ಎಂಬ ಛಾಯೆಯೂ ಅದಕ್ಕಿತ್ತು.

ಮೂರನೆಯ ದಾರಿ ಕಹಿ. 17ನೇ ಶತಮಾನದಲ್ಲೇ ‘ಫ್ಲ್ಯಾಪ್’ ಎಂಬುದು ಮೈ ಮಾರುವ ಎಳೆಯ ಹುಡುಗಿಯ ಹೆಸರಾಗಿತ್ತು. 1890ರ ಆಸುಪಾಸಿನ ಆಡುನುಡಿ ನಿಘಂಟುಗಳು ‘ಫ್ಲ್ಯಾಪರ್’ಗೂ ಅದೇ ಅರ್ಥ ಕೊಡುತ್ತವೆ. ಆ ಕಾಲದ ಲಂಡನ್ನಿನಲ್ಲಿ ಇದು ಬರೀ ಪದದ ಮಾತಾಗಿರಲಿಲ್ಲ. 1885ರಲ್ಲಿ ಪತ್ರಕರ್ತ ಡಬ್ಲ್ಯು.ಟಿ. ಸ್ಟೆಡ್ ಆ ನಗರದಲ್ಲಿ ನಡೆಯುತ್ತಿದ್ದ ಬಾಲಕಿಯರ ಮಾರಾಟವನ್ನು ತನ್ನ ಪತ್ರಿಕೆಯಲ್ಲಿ ಬಯಲಿಗೆಳೆದ. ಅದೇ ವರ್ಷ ಕಾನೂನು ಬದಲಾಗಿ ಹುಡುಗಿಯರ ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿತು. ಮಾರಾಟಕ್ಕೆ ಬಿದ್ದ ಮಕ್ಕಳಿಗೆ ಒಂದು ಹೆಸರು ಅಂಟಿತು. ಅವರನ್ನು ಕೊಂಡವರಿಗೆ ಅಂಥ ಯಾವ ಹೆಸರೂ ಅಂಟಲಿಲ್ಲ.

ಹೀಗೆ 20ನೇ ಶತಮಾನ ಕಾಲಿಡುವಾಗ ಒಂದೇ ಪದ ಎರಡು ಬೀದಿಗಳಲ್ಲಿ ಓಡಾಡುತ್ತಿತ್ತು. ಒಂದರಲ್ಲಿ ಹೊಲಸು ಮಾತು, ಇನ್ನೊಂದರಲ್ಲಿ ಸಲಿಗೆಯ ತಮಾಷೆ. ಗೆದ್ದದ್ದು ಎರಡನೆಯದು. 1903ರಲ್ಲಿ ಬಂದ ಡೆಸ್ಮಂಡ್ ಕೋಕ್ ಅವರ ಆಕ್ಸ್‌ಫರ್ಡ್ ಜೀವನದ ಕಾದಂಬರಿಯಲ್ಲಿ ವಿದ್ಯಾರ್ಥಿಗಳು ಚೆಂದದ ಹುಡುಗಿಯೊಬ್ಬಳನ್ನು ಮೆಚ್ಚಿ ಹೀಗೆ ಕರೆಯುತ್ತಾರೆ. ರಂಗಭೂಮಿಯವರು ವೇದಿಕೆಯ ಮೇಲೆ ಕುಣಿದು ಕುಪ್ಪಳಿಸುವ ಹುಡುಗಿಯರಿಗೆ ಇದೇ ಹೆಸರಿಟ್ಟರು.

1908ರ ಹೊತ್ತಿಗೆ ‘ದಿ ಟೈಮ್ಸ್’ನಂಥ ಗಂಭೀರ ಪತ್ರಿಕೆಯೂ ಪದವನ್ನು ಬಳಸಿತು, ಓದುಗರಿಗೆ ಅರ್ಥ ವಿವರಿಸುವ ಎಚ್ಚರವನ್ನೂ ವಹಿಸಿತು. ಉದ್ದನೆಯ ಲಂಗಕ್ಕೆ ಇನ್ನೂ ಬಡ್ತಿ ಸಿಗದ, ಕೂದಲನ್ನು ಮೇಲೆತ್ತಿ ಕಟ್ಟದ ಹುಡುಗಿ ಎಂಬುದು ಅದು ಕೊಟ್ಟ ಅರ್ಥ. ಧೈರ್ಯದ ಮಾತು ಅಲ್ಲಿಲ್ಲ, ನಡತೆಯದೂ ಇಲ್ಲ. ಇರುವುದು ಬಟ್ಟೆಯ ಉದ್ದ ಮತ್ತು ಕೂದಲಿನ ಕಟ್ಟು.

ಆ ಎರಡು ಗುರುತುಗಳು ಏಕೆ ಅಷ್ಟು ಮುಖ್ಯವಾದವು ಎಂಬುದು ಆಗಿನ ಮೇಲ್ವರ್ಗದ ಮನೆಗಳನ್ನು ನೋಡಿದರೆ ತಿಳಿಯುತ್ತದೆ. ಹುಡುಗಿ ಹದಿನೇಳು, ಹದಿನೆಂಟರವರೆಗೆ ಜಡೆ ಇಳಿಬಿಟ್ಟು, ಗಿಡ್ಡ ಲಂಗ ತೊಟ್ಟು ಇರುತ್ತಿದ್ದಳು. ಒಂದು ದಿನ ಜಡೆ ತುರುಬಾಗುತ್ತಿತ್ತು, ಲಂಗ ನೆಲ ಮುಟ್ಟುತ್ತಿತ್ತು. ಅಂದಿನಿಂದ ಅವಳು ಔತಣಗಳಿಗೆ, ನೃತ್ಯಕೂಟಗಳಿಗೆ ಹೋಗಬಹುದು. ಗಂಡು ಹುಡುಕುವ ಕೆಲಸವೂ ಅಂದೇ ಶುರು. ಫ್ಲ್ಯಾಪರ್ ಎಂದರೆ ಆ ದಿನಕ್ಕೆ ಮುಂಚಿನವಳು. ಮಗುವಲ್ಲ, ಮದುವೆಗೆ ನಿಂತವಳೂ ಅಲ್ಲ. ನಡುವಿನ ಆ ನಾಲ್ಕಾರು ವರ್ಷಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿರಲಿಲ್ಲ. ಆಡುಮಾತು ಆ ಖಾಲಿ ಜಾಗವನ್ನು ತುಂಬಿತು.

ಜರ್ಮನರ ಬಳಿ ಅದೇ ವಯಸ್ಸಿಗೆ ‘ಬಾಕ್‌ಫಿಶ್’ ಎಂಬ ಪದವಿತ್ತು. ಹುರಿಯುವುದಕ್ಕಷ್ಟೇ ಸರಿಹೋಗುವ ಎಳೆಯ ಮೀನು ಎಂದು ಅದರ ಅರ್ಥ. 1863ರಲ್ಲಿ ಕ್ಲೆಮೆಂಟೀನ್ ಹೆಲ್ಮ್ ಅಂಥ ಹುಡುಗಿಯರಿಗಾಗಿ ಬರೆದ ಕಾದಂಬರಿಯ ಶೀರ್ಷಿಕೆಯಲ್ಲೇ ಆ ಪದವಿದೆ. ಇಂಗ್ಲೆಂಡಿಗೆ ಬಾತಿನ ಮರಿ ಕಂಡಿತು, ಜರ್ಮನಿಗೆ ಮೀನಿನ ಮರಿ. ಎರಡೂ ಬೇಟೆಯ ಮಾತುಗಳು.

> ಚೌಕಟ್ಟು: ಕಿವಿ ತಟ್ಟುವ ಆಳು
>
> ಹುಡುಗಿಗೂ ಹಕ್ಕಿಗೂ ಸಂಬಂಧವಿಲ್ಲದ ಇನ್ನೊಬ್ಬ ಫ್ಲ್ಯಾಪರ್ ಇಂಗ್ಲಿಷ್ ಸಾಹಿತ್ಯದಲ್ಲಿದ್ದಾನೆ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಗಳಲ್ಲಿ ಲಪೂಟ ಎಂಬ ತೇಲುವ ದ್ವೀಪ ಬರುತ್ತದೆ. ಅಲ್ಲಿಯ ದೊಡ್ಡವರು ಗಣಿತ, ಸಂಗೀತಗಳ ಯೋಚನೆಯಲ್ಲಿ ಮುಳುಗಿ ಎದುರಿನವರ ಮಾತನ್ನೇ ಮರೆಯುತ್ತಾರೆ. ಅದಕ್ಕೇ ಅವರು ಒಬ್ಬ ಆಳನ್ನು ಇಟ್ಟುಕೊಂಡಿರುತ್ತಾರೆ. ಕೋಲಿನ ತುದಿಗೆ ಗಾಳಿ ತುಂಬಿದ ಚೀಲ ಕಟ್ಟಿಕೊಂಡು, ಕೇಳಬೇಕಾದವನ ಕಿವಿಗೂ ಮಾತಾಡಬೇಕಾದವನ ಬಾಯಿಗೂ ಮೆಲ್ಲಗೆ ತಟ್ಟುವುದು ಅವನ ಕೆಲಸ. ಅವನೂ ಫ್ಲ್ಯಾಪರ್. ಮೈಮರೆತವರನ್ನು ಎಚ್ಚರಿಸುವವನು ಎಂಬ ಅರ್ಥ ಈ ಕಥೆಯಿಂದಲೇ ಇಂಗ್ಲಿಷಿಗೆ ಬಂತು.

ಯುದ್ಧ ತಂದ ಸಂಬಳ

1914ರಲ್ಲಿ ಶುರುವಾದ ಮಹಾಯುದ್ಧ ಈ ಪದದ ವಯಸ್ಸನ್ನೇ ಹೆಚ್ಚಿಸಿತು. ಗಂಡಸರು ರಣರಂಗಕ್ಕೆ ಹೋದರು. ಮದ್ದುಗುಂಡಿನ ಕಾರ್ಖಾನೆ, ಬಸ್ಸಿನ ಟಿಕೆಟ್ ಚೀಲ, ಕಚೇರಿಯ ಟೈಪ್‌ರೈಟರ್, ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲ ಕಡೆ ಯುವತಿಯರು ಬಂದರು. ವಾರದ ಕೊನೆಗೆ ಕೈಗೆ ಸಂಬಳ ಸಿಕ್ಕಿತು. ತನ್ನ ದುಡ್ಡಿನಲ್ಲಿ ಸಿನಿಮಾ ನೋಡುವ, ಕಾವಲಿಗೆ ಹಿರಿಯರಿಲ್ಲದೆ ಓಡಾಡುವ ಹುಡುಗಿ ಬೀದಿಯಲ್ಲಿ ಕಾಣಿಸಿಕೊಂಡಳು.

ಅವಳಿಗೆ ತುರುಬಿದೆಯೋ ಜಡೆಯಿದೆಯೋ ಎಂಬುದು ಈಗ ಲೆಕ್ಕಕ್ಕಿಲ್ಲ. ಇಪ್ಪತ್ತು ದಾಟಿದ್ದರೂ ಅವಳು ಫ್ಲ್ಯಾಪರ್. ಪದ ವಯಸ್ಸಿನಿಂದ ನಡೆನುಡಿಗೆ ಜಾರಿತು. ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿಗೆ ‘ಫ್ಲ್ಯಾಪರ್ ಬ್ರಾಕೆಟ್’ ಎಂಬ ಹೆಸರು ಬಂದದ್ದು ಈ ಬದಲಾವಣೆಯ ಅತ್ಯಂತ ಸ್ಪಷ್ಟ ಗುರುತು. ಹುಡುಗನ ಬೆನ್ನ ಹಿಂದೆ, ಗಾಳಿಗೆ ಕೂದಲು ಕೆದರಿಸಿಕೊಂಡು ಕೂತವಳಿಗಾಗಿ ಕಬ್ಬಿಣದ ಒಂದು ಚೌಕಟ್ಟೇ ಸಿದ್ಧವಾಗಿತ್ತು.

ಯುದ್ಧ ಮುಗಿದಾಗ ಲಕ್ಷಾಂತರ ಯುವಕರು ಮರಳಲಿಲ್ಲ. 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಹೆಂಗಸರ ಸಂಖ್ಯೆ ಗಂಡಸರಿಗಿಂತ ಸುಮಾರು 17 ಲಕ್ಷ ಹೆಚ್ಚಿತ್ತು. ಪತ್ರಿಕೆಗಳು ಅವರನ್ನು ‘ಹೆಚ್ಚುವರಿ ಹೆಂಗಸರು’ ಎಂದವು. ಅಣ್ಣ, ತಮ್ಮ, ಮದುವೆಯಾಗಬೇಕಿದ್ದ ಗೆಳೆಯರನ್ನು ಕಳೆದುಕೊಂಡು ದುಡಿದು ತಿನ್ನುತ್ತಿದ್ದ ಒಂದು ತಲೆಮಾರನ್ನು ಅಂಗಡಿಯಲ್ಲಿ ಮಿಕ್ಕ ಸರಕಿನಂತೆ ಎಣಿಸಿದ ಮಾತು ಅದು. ಫ್ಲ್ಯಾಪರ್ ಪದದೊಳಗಿನ ಸಿಡಿಮಿಡಿಗೆ ಈ ಹಿನ್ನೆಲೆಯೂ ಇದೆ.

ಅಟ್ಲಾಂಟಿಕ್ ದಾಟಿದ ಮೇಲೆ

ಅಮೆರಿಕದಲ್ಲಿ ಪದಕ್ಕೆ ಮುಖ ಕೊಟ್ಟದ್ದು ಸಿನಿಮಾ. 1920ರಲ್ಲಿ ತೆರೆಕಂಡ ಮೂಕಿ ಚಿತ್ರದ ಹೆಸರೇ ‘ದಿ ಫ್ಲ್ಯಾಪರ್’. ಬರೆದವರು ಫ್ರಾನ್ಸಿಸ್ ಮೇರಿಯನ್ ಎಂಬ ಮಹಿಳೆ, ನಿರ್ದೇಶಕ ಅಲನ್ ಕ್ರಾಸ್‌ಲ್ಯಾಂಡ್. ವಸತಿಶಾಲೆಯ ಕಟ್ಟುಪಾಡಿನಿಂದ ತಪ್ಪಿಸಿಕೊಂಡು ದೊಡ್ಡವಳಂತೆ ಮೆರೆಯಲು ಹೊರಡುವ ಹದಿನಾರರ ಹುಡುಗಿಯ ಪಾತ್ರದಲ್ಲಿ ನಟಿಸಿದ್ದು ಆಲಿವ್ ಥಾಮಸ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಕೆ ಪ್ಯಾರಿಸ್ಸಿನಲ್ಲಿ 25ರ ವಯಸ್ಸಿಗೇ ತೀರಿಕೊಂಡರು. ಚಿತ್ರದ ಹುಡುಗಿ ಇನ್ನೂ ಹಳೆಯ ಇಂಗ್ಲಿಷ್ ಅರ್ಥದ ಫ್ಲ್ಯಾಪರ್, ಶಾಲೆ ಬಿಡದವಳು.

ಅದೇ ವರ್ಷ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ತನ್ನ ಮೊದಲ ಕಥಾಸಂಕಲನದ ಶೀರ್ಷಿಕೆಯಲ್ಲಿ ಫ್ಲ್ಯಾಪರುಗಳನ್ನೂ ತತ್ತ್ವಜ್ಞಾನಿಗಳನ್ನೂ ಒಟ್ಟಿಗೆ ಕೂರಿಸಿದ. ಚಿತ್ರಕಾರ ಜಾನ್ ಹೆಲ್ಡ್ ಪತ್ರಿಕೆಗಳಲ್ಲಿ ಅವಳನ್ನು ಕಡ್ಡಿಯಂಥ ಕೈಕಾಲು, ಗುಂಡನೆಯ ತಲೆಯ ಹುಡುಗಿಯಾಗಿ ಬರೆದ. ತೆರೆಯ ಮೇಲೆ ಕೊಲೀನ್ ಮೂರ್ 1923ರಲ್ಲಿ, ಕ್ಲಾರಾ ಬೌ 1927ರಲ್ಲಿ ಅವಳಿಗೆ ಜೀವ ಕೊಟ್ಟರು. ಮೂರು ನಾಲ್ಕು ವರ್ಷಗಳಲ್ಲಿ ಶಾಲೆಯ ಹುಡುಗಿ ಮರೆಗೆ ಸರಿದು, ಹತ್ತೊಂಬತ್ತು ಇಪ್ಪತ್ತರ, ತನ್ನ ಇಷ್ಟದಂತೆ ಬದುಕುವ ಯುವತಿ ಆ ಜಾಗಕ್ಕೆ ಬಂದಳು.

ಪದದ ಹುಟ್ಟಿನ ಬಗ್ಗೆ ಇಂದಿಗೂ ಓಡಾಡುವ ಒಂದು ಕಥೆ ಈ ಕಾಲದ್ದು. ಆಗಿನ ಹುಡುಗಿಯರು ಮಳೆಗಾಲದ ರಬ್ಬರ್ ಬೂಟುಗಳ ಬಕಲ್ ಹಾಕದೆ ಬಿಡುತ್ತಿದ್ದರು; ನಡೆಯುವಾಗ ಅವು ಪಟಪಟ ಎನ್ನುತ್ತಿದ್ದವು; ಅದರಿಂದಲೇ ಹೆಸರು ಬಂತು ಎಂಬುದು ಆ ಕಥೆ. ಬಕಲ್ ಬಿಚ್ಚಿದ ಬೂಟು ನಿಜ, ಹೆಲ್ಡ್‌ನ ಚಿತ್ರಗಳಲ್ಲೂ ಇದೆ. ಆದರೆ ಬೂಟು ಬರುವುದಕ್ಕೆ ಹತ್ತಾರು ವರ್ಷ ಮುಂಚೆಯೇ ಪದ ಬಳಕೆಯಲ್ಲಿತ್ತು. ಹೆಸರಿಗೆ ತಕ್ಕ ಬೂಟು ಸಿಕ್ಕಿತೇ ಹೊರತು ಬೂಟಿನಿಂದ ಹೆಸರು ಬರಲಿಲ್ಲ.

ಕತ್ತರಿ ಬಿದ್ದ ಕೂದಲು

ಇಡೀ ಕಥೆಯ ತಿರುವು ಕೂದಲಿನಲ್ಲಿದೆ. ಜಡೆಯಿದ್ದರೆ ಹುಡುಗಿ, ತುರುಬಿದ್ದರೆ ಹೆಂಗಸು ಎಂಬ ಲೆಕ್ಕದ ಮೇಲೆ ನಿಂತ ಲೋಕದಲ್ಲಿ ಕೂದಲನ್ನೇ ಕತ್ತರಿಸಿದವಳನ್ನು ಎಲ್ಲಿ ಇಡುವುದು? ‘ಬಾಬ್’ ಎಂದು ಕರೆದ ಆ ಮೋಟುಗೂದಲು ಎರಡು ಗುರುತುಗಳನ್ನೂ ಒಂದೇ ಏಟಿಗೆ ಅಳಿಸಿತು.

ನರ್ತಕಿ ಐರೀನ್ ಕ್ಯಾಸಲ್ ಯುದ್ಧದ ಮೊದಲ ದಿನಗಳಲ್ಲೇ ಕೂದಲು ಕತ್ತರಿಸಿ ಅಮೆರಿಕದಲ್ಲಿ ಹೆಸರಾಗಿದ್ದರು. 1920ರ ನಂತರ ಅದು ಊರೂರಿಗೆ ಹರಡಿತು. ಹೆಂಗಸರ ಅಲಂಕಾರದ ಅಂಗಡಿಗಳವರಿಗೆ ಕೂದಲು ಸುರುಳಿ ಮಾಡುವುದು ಗೊತ್ತಿತ್ತು, ಮೋಟಾಗಿ ಕತ್ತರಿಸುವುದು ಗೊತ್ತಿರಲಿಲ್ಲ. ಹಾಗಾಗಿ ಯುವತಿಯರು ಗಂಡಸರ ಕ್ಷೌರದಂಗಡಿಯ ಬಾಗಿಲಲ್ಲೇ ಸಾಲು ನಿಂತರು. ಸಿಗಾರಿನ ಹೊಗೆ, ರಾಜಕೀಯದ ಹರಟೆ, ಸಾಬೂನಿನ ನೊರೆಯ ನಡುವೆ ಕುರ್ಚಿ ಏರಿ ಕೂತು ಕತ್ತು ಬಾಗಿಸುವುದು ಸಣ್ಣ ಧೈರ್ಯವಲ್ಲ. ಊರಿನ ಕ್ಷೌರದಂಗಡಿಯಲ್ಲಿ, ಹುಡುಗರ ಕಣ್ಣೆದುರಿಗೆ ಕೂದಲು ಕತ್ತರಿಸಿಕೊಳ್ಳುವ ಹುಡುಗಿಯೊಬ್ಬಳನ್ನು ಫಿಟ್ಸ್‌ಜೆರಾಲ್ಡ್ 1920ರಲ್ಲೇ ಕಥೆ ಮಾಡಿದ್ದ.

ಕೂದಲಿನ ಹಿಂದೆಯೇ ಉಳಿದದ್ದೂ ಹೋಯಿತು. ಉಸಿರು ಬಿಗಿಹಿಡಿಯುವ ಕಾರ್ಸೆಟ್ ಕಳಚಿತು. ಸೊಂಟದ ಸುತ್ತಿನ ಕಟ್ಟು ಕೆಳಗಿಳಿಯಿತು. 1926, 27ರ ಹೊತ್ತಿಗೆ ಉಡುಪಿನ ಅಂಚು ಮೊಣಕಾಲಿಗೆ ಬಂದು ನಿಂತಿತು. ಗಂಟೆಯ ಆಕಾರದ ‘ಕ್ಲೋಷ್’ ಟೋಪಿ ಹಣೆಯವರೆಗೆ ಇಳಿಯಿತು. ಕೆಳಗೆ ಕೂದಲು ಮೋಟಾಗಿಲ್ಲದಿದ್ದರೆ ಅದು ತಲೆಗೆ ಕೂರುತ್ತಿರಲಿಲ್ಲ. ಹಿಂದೆ ಬಚ್ಚಲಮನೆಯ ಗುಟ್ಟಾಗಿದ್ದ ಪೌಡರು, ತುಟಿಬಣ್ಣಗಳನ್ನು ಹುಡುಗಿಯರು ರೈಲಿನಲ್ಲಿ, ಹೋಟೆಲಿನ ಮೇಜಿನ ಮುಂದೆ ಹಚ್ಚಿಕೊಂಡರು.

ಇದನ್ನು ಕಾನೂನಿನಿಂದ ತಡೆಯುವ ಯತ್ನಗಳೂ ನಡೆದವು. ಅಮೆರಿಕದ ಯೂಟಾ ರಾಜ್ಯದಲ್ಲಿ 1921ರಲ್ಲಿ ಬಂದ ಒಂದು ಮಸೂದೆ, ಕಾಲಿನ ಗಿಣ್ಣಿನಿಂದ 3 ಅಂಗುಲಕ್ಕಿಂತ ಮೇಲೆ ನಿಲ್ಲುವ ಲಂಗ ತೊಟ್ಟು ಬೀದಿಗೆ ಬಂದವರಿಗೆ ದಂಡ ಮತ್ತು ಸೆರೆವಾಸ ವಿಧಿಸಬೇಕೆಂದಿತ್ತು. ಐದು ವರ್ಷಗಳಲ್ಲಿ ಲಂಗ ಆ ಗೆರೆಯನ್ನು ಎಲ್ಲೋ ಹಿಂದೆ ಬಿಟ್ಟಿತ್ತು.

ಪತ್ರಕರ್ತ ಬ್ರೂಸ್ ಬ್ಲಿವನ್ 1925ರಲ್ಲಿ ‘ನ್ಯೂ ರಿಪಬ್ಲಿಕ್’ನಲ್ಲಿ ಬರೆದ ಲೇಖನ ಈ ವೇಷವನ್ನು ಒಂದೊಂದಾಗಿ ಎಣಿಸುತ್ತದೆ. ಹತ್ತೊಂಬತ್ತರ ಹುಡುಗಿ ಜೇನ್ ತೊಟ್ಟದ್ದು ಒಂದು ಉಡುಪು, ತೆಳುವಾದ ಒಂದು ಒಳಉಡುಪು, ಕಾಲುಚೀಲ, ಬೂಟು, ಅಷ್ಟೇ. ಅದಕ್ಕಿಂತ ಬೆಲೆಯುಳ್ಳ ಗಮನಿಕೆ ಇನ್ನೊಂದು: ಅವಳ ಮೂರು ಪಟ್ಟು ವಯಸ್ಸಿನ ಹೆಂಗಸರೂ ಅದೇ ಉಡುಪು ತೊಟ್ಟಿದ್ದರು. ಎಳೆಯ ಹುಡುಗಿಯ ಗುರುತಾಗಿದ್ದದ್ದು ಎಲ್ಲರ ಉಡುಗೆಯಾಗಿತ್ತು.

ಇಲ್ಲಿ ಒಂದು ಸಾಲವನ್ನು ಹೇಳಲೇಬೇಕು. ಫ್ಲ್ಯಾಪರ್ ಎಂದೊಡನೆ ಕಣ್ಣಿಗೆ ಬರುವುದು ಬಿಳಿಯ ಹುಡುಗಿ; ಅವಳು ಹಾಕಿದ ಹೆಜ್ಜೆ ಮಾತ್ರ ಕರಿಯರದು. ಆ ದಶಕವನ್ನು ಕುಣಿಸಿದ ಚಾರ್ಲ್‌ಸ್ಟನ್ ನೃತ್ಯ ದೊಡ್ಡ ಮಟ್ಟದಲ್ಲಿ ಹರಡಿದ್ದು 1923ರಲ್ಲಿ ನ್ಯೂಯಾರ್ಕಿನಲ್ಲಿ ಕರಿಯ ಕಲಾವಿದರು ಆಡಿದ ‘ರನ್ನಿನ್ ವೈಲ್ಡ್’ ಸಂಗೀತ ನಾಟಕದಿಂದ. ರಾಗ ಹಾಕಿದವರು ಜೇಮ್ಸ್ ಪಿ. ಜಾನ್ಸನ್. 1925ರಲ್ಲಿ ಪ್ಯಾರಿಸ್ಸಿನ ವೇದಿಕೆ ಏರಿದ ಜೋಸೆಫಿನ್ ಬೇಕರ್ ಆ ಕಾಲದ ಯಾವ ನಟಿಗೂ ಕಡಿಮೆಯಿಲ್ಲದ ದಿಟ್ಟೆ. ಹಾಗಿದ್ದೂ ಪತ್ರಿಕೆಗಳ ಫ್ಲ್ಯಾಪರ್ ಚಿತ್ರದಲ್ಲಿ ಅಂಥವರಿಗೆ ಜಾಗ ಸಿಕ್ಕಿದ್ದು ಬಹಳ ಕಡಿಮೆ.

ಅವಳೇ ಬರೆದದ್ದು

ಇಷ್ಟು ಹೊತ್ತೂ ಮಾತಾಡಿದವರು ಬೇರೆಯವರು. 1922ರಲ್ಲಿ ಮಾತ್ರ ಪದ ಒಂದಿಷ್ಟು ಕಾಲ ಹುಡುಗಿಯರ ಕೈಗೆ ಬಂತು. ಆ ವರ್ಷ ಷಿಕಾಗೋದಲ್ಲಿ ‘ದಿ ಫ್ಲ್ಯಾಪರ್’ ಎಂಬ ಮಾಸಿಕವೇ ಹೊರಟಿತು. ಹಳೇ ತಲೆಗಳಿಗಲ್ಲ ಎಂಬುದು ಅದರ ಘೋಷವಾಕ್ಯ. ಅದು ಹುಡುಗಿಯರ ಆಡುನುಡಿಯ ನಿಘಂಟನ್ನೂ ಅಚ್ಚುಹಾಕಿತು. ಅದರಲ್ಲಿ ನಿಶ್ಚಿತಾರ್ಥದ ಉಂಗುರಕ್ಕೆ ಕೈಕೋಳ ಎಂದೇ ಹೆಸರು.

ಅದೇ ವರ್ಷದ ಜೂನಿನಲ್ಲಿ ಕಥೆಗಾರ ಫಿಟ್ಸ್‌ಜೆರಾಲ್ಡ್‌ನ ಹೆಂಡತಿ ಜೆಲ್ಡಾ ಫಿಟ್ಸ್‌ಜೆರಾಲ್ಡ್ ‘ಮೆಟ್ರೊಪಾಲಿಟನ್’ ಪತ್ರಿಕೆಗೆ ಫ್ಲ್ಯಾಪರಿಗೊಂದು ಚರಮಗೀತೆ ಬರೆದಳು. ಊರಿನ ಪ್ರತಿ ಹುಡುಗಿಯೂ ಅದೇ ವೇಷ ಹಾಕಿದ ಮೇಲೆ ಮೊದಲು ಹಾಕಿದವಳ ಧೈರ್ಯಕ್ಕೆ ಅರ್ಥ ಉಳಿಯಲಿಲ್ಲ ಎಂಬುದು ಅವಳ ಕೊರಗು. ಜಗತ್ತು ಫ್ಲ್ಯಾಪರನ್ನು ಇನ್ನೂ ಗುರುತು ಹಿಡಿಯುತ್ತಿದ್ದಾಗಲೇ ಅವಳು ತೀರಿಹೋದಳೆಂದು ಒಬ್ಬ ಫ್ಲ್ಯಾಪರ್ ಬರೆದಳು.

ಡಿಸೆಂಬರಿನಲ್ಲಿ ‘ಔಟ್‌ಲುಕ್’ ಪತ್ರಿಕೆಯಲ್ಲಿ ಎಲೆನ್ ವೆಲ್ಸ್ ಪೇಜ್ ಎಂಬ ಯುವತಿ ತಂದೆತಾಯಂದಿರಿಗೆ ಬರೆದ ಮನವಿ ಬಂತು. ಮೋಟುಗೂದಲು ಇದೆ, ಪೌಡರು ಹಚ್ಚುತ್ತೇನೆ, ಕುಣಿಯಲು ಇಷ್ಟ ಎಂದು ಆಕೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾಳೆ. ಆಕೆ ಕೇಳುವುದು ಹೊಗಳಿಕೆಯನ್ನಲ್ಲ. ಯುದ್ಧದಿಂದ ಒಡೆದ ಜಗತ್ತನ್ನು ಮಕ್ಕಳ ಕೈಗಿತ್ತ ಹಿರಿಯರು ಆ ಮಕ್ಕಳನ್ನು ಬೈಯುವ ಮುಂಚೆ ಸ್ವಲ್ಪ ಅರ್ಥಮಾಡಿಕೊಳ್ಳಲಿ ಎಂಬುದಷ್ಟೇ ಅವಳ ಕೋರಿಕೆ. ಈ ಪದದ ಸುತ್ತ ಬೆಳೆದ ಅಪಾರ ಬರಹದಲ್ಲಿ ಹೆಚ್ಚು ಕಾಲ ಉಳಿಯಬೇಕಾದದ್ದು ಇಂಥ ಬರಹಗಳೇ. ಉಳಿದವು ಹುಡುಗಿಯನ್ನು ನೋಡುತ್ತವೆ, ಇವು ಹುಡುಗಿಯ ಕಣ್ಣಿನಿಂದ ನೋಡುತ್ತವೆ.

> ಚೌಕಟ್ಟು: ಸ್ವಾತಂತ್ರ್ಯದ ಹೆಸರಲ್ಲಿ ಸಿಗರೇಟು
>
> 1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಅವು ‘ಸ್ವಾತಂತ್ರ್ಯದ ದೀವಟಿಗೆಗಳು’ ಎಂದು ಪತ್ರಿಕೆಗಳು ಸುದ್ದಿ ಮಾಡಿದವು. ಏರ್ಪಾಡು ಮಾಡಿದ್ದು ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್. ದುಡ್ಡು ಕೊಟ್ಟದ್ದು ಲಕ್ಕಿ ಸ್ಟ್ರೈಕ್ ಸಿಗರೇಟಿನ ತಯಾರಕರಾದ ಅಮೆರಿಕನ್ ಟೊಬ್ಯಾಕೊ ಕಂಪನಿ. ಹುಡುಗಿಯರ ದಿಟ್ಟತನ ಒಂದು ಸರಕಾಗಿ ಮಾರಾಟವಾದ ದಿನ ಅದು.

‘ಫ್ಲ್ಯಾಪರ್ ವೋಟ್’

ಅಮೆರಿಕದಲ್ಲಿ ಫ್ಲ್ಯಾಪರ್ ಉಡುಪಿನ ಹೆಸರಾಗುತ್ತಿದ್ದಾಗ ಬ್ರಿಟನ್ನಿನಲ್ಲಿ ಅದೇ ಪದ ರಾಜಕೀಯದ ಆಯುಧವಾಯಿತು. ಪದದ ಅರ್ಥಗಳಲ್ಲೆಲ್ಲ ಇದು ಹೆಚ್ಚು ಗಂಭೀರವಾದದ್ದು, ಹೆಚ್ಚು ಮರೆತುಹೋದದ್ದು ಕೂಡ.

1918ರ ಕಾನೂನು ಬ್ರಿಟನ್ನಿನಲ್ಲಿ ಗಂಡಸರಿಗೆ 21ಕ್ಕೆ ಮತ ಕೊಟ್ಟಿತು. ಹೆಂಗಸರಿಗೆ 30 ತುಂಬಿರಬೇಕು, ಜೊತೆಗೆ ತನ್ನದೋ ಗಂಡನದೋ ಆಸ್ತಿಯ ಅರ್ಹತೆ ಇರಬೇಕು. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಬಹುಪಾಲು ಯುವತಿಯರು. ಮತ ಸಿಕ್ಕಿದ್ದು ಅವರಿಗಲ್ಲ. ಅದೇ ವರ್ಷದ ಇನ್ನೊಂದು ಕಾನೂನು 21 ತುಂಬಿದ ಹೆಂಗಸಿಗೆ ಪಾರ್ಲಿಮೆಂಟಿಗೆ ಸ್ಪರ್ಧಿಸುವ ಹಕ್ಕು ಕೊಟ್ಟಿತು. ಚುನಾವಣೆಗೆ ನಿಲ್ಲಬಹುದು, ಮತ ಹಾಕುವಂತಿಲ್ಲ.

1925ರ ಫೆಬ್ರುವರಿಯಲ್ಲಿ ಗೃಹಮಂತ್ರಿ ವಿಲಿಯಂ ಜಾಯ್ನ್‌ಸನ್ ಹಿಕ್ಸ್ ಮುಂದಿನ ಚುನಾವಣೆಗೆ ಮುಂಚೆ ಈ ತಾರತಮ್ಯ ಸರಿಪಡಿಸುವುದಾಗಿ ಕಾಮನ್ಸ್ ಸಭೆಯಲ್ಲಿ ಮಾತು ಕೊಟ್ಟರು. ಸರ್ಕಾರದೊಳಗೇ ಅಪಸ್ವರವಿತ್ತು; ವಿನ್ಸ್‌ಟನ್ ಚರ್ಚಿಲ್ ಒಪ್ಪಲಿಲ್ಲ. ಹೊರಗೆ, ಲಾರ್ಡ್ ರೋಥರ್ಮಿಯರ್ ಒಡೆತನದ ‘ಡೈಲಿ ಮೇಲ್’ ಇದನ್ನು ‘ಫ್ಲ್ಯಾಪರ್ ವೋಟ್’ ಎಂದು ಕರೆದು, ಇಂಥ ಮೂರ್ಖತನ ದೇಶವನ್ನು ಸಮಾಜವಾದಿಗಳ ಕೈಗೆ ಕೊಡುತ್ತದೆಂದು ದಿನವೂ ಹುಯಿಲೆಬ್ಬಿಸಿತು.

ಪದದ ಆಯ್ಕೆಯಲ್ಲೇ ಮೋಸವಿತ್ತು. ಮತ ಕೇಳುತ್ತಿದ್ದವರಲ್ಲಿ ಅಂಗಡಿಯ ಗುಮಾಸ್ತೆಯರು, ನರ್ಸುಗಳು, ಶಾಲಾ ಶಿಕ್ಷಕಿಯರು, ಗಿರಣಿ ಕೆಲಸದವರು ಇದ್ದರು. 30 ದಾಟಿಯೂ ಆಸ್ತಿಯ ಅರ್ಹತೆ ಇಲ್ಲದ್ದಕ್ಕೆ ಹೊರಗುಳಿದಿದ್ದ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿದ್ದರು. ಅವರೆಲ್ಲರನ್ನೂ ಒಂದೇ ಪದದಲ್ಲಿ ಸೇರಿಸಿ ಕುಣಿಯುವ ಹುಡುಗಿಯರನ್ನಾಗಿ ಮಾಡಿದರೆ ವಾದ ಮಾಡುವ ಕೆಲಸವೇ ತಪ್ಪುತ್ತದೆ. ಬಾತಿನ ಮರಿಗೆ ಯಾರು ಮತ ಕೊಡುತ್ತಾರೆ?

ಈ ಹುಯಿಲಿಗೆ ಪಾರ್ಲಿಮೆಂಟು ಕಿವಿಗೊಡಲಿಲ್ಲ. 1928ರ ಮಾರ್ಚ್ 29ರಂದು, ಗಂಡಸರಂತೆಯೇ ಹೆಂಗಸರಿಗೂ 21ಕ್ಕೆ ಮತ ಕೊಡುವ ಮಸೂದೆಯ ಎರಡನೆಯ ವಾಚನ 387 ಮತಗಳಿಂದ ಗೆದ್ದಿತು. ವಿರೋಧಿಸಿದವರು 10 ಮಂದಿ. ಜುಲೈ 2ರಂದು ಅದು ಕಾನೂನಾಯಿತು. ಮತದಾನದ ಹೋರಾಟಕ್ಕೆ ಜೀವ ತೇದಿದ್ದ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅದಕ್ಕೆ ಹದಿನೆಂಟು ದಿನ ಮುಂಚೆ, ಜೂನ್ 14ರಂದು ತೀರಿಕೊಂಡಿದ್ದರು. ಅದೇ ಹೋರಾಟದ, ಎಂಬತ್ತು ದಾಟಿದ್ದ ಮಿಲಿಸೆಂಟ್ ಫಾಸೆಟ್ ಆ ದಿನವನ್ನು ಕಣ್ಣಾರೆ ಕಂಡರು.

ಮತದಾರರ ಪಟ್ಟಿಗೆ ಸುಮಾರು 50 ಲಕ್ಷ ಹೆಂಗಸರು ಹೊಸದಾಗಿ ಸೇರಿದರು. ಮತದಾರರಲ್ಲಿ ಹೆಂಗಸರೇ ಶೇ 52ಕ್ಕಿಂತ ಹೆಚ್ಚಾದರು. 1929ರ ಮೇ 30ರ ಚುನಾವಣೆಗೆ ‘ಫ್ಲ್ಯಾಪರ್ ಎಲೆಕ್ಷನ್’ ಎಂಬ ಹೆಸರೇ ಬಿತ್ತು. ಲೇಬರ್ ಪಕ್ಷ ಅತಿ ಹೆಚ್ಚು ಸ್ಥಾನ ಗೆದ್ದಿತು, 14 ಮಹಿಳೆಯರು ಆಯ್ಕೆಯಾದರು, ಮಾರ್ಗರೆಟ್ ಬಾಂಡ್‌ಫೀಲ್ಡ್ ಬ್ರಿಟನ್ನಿನ ಮೊದಲ ಮಹಿಳಾ ಸಂಪುಟ ಸಚಿವೆಯಾದರು. ಗೆದ್ದವರಲ್ಲಿ 24ರ ಜೆನ್ನಿ ಲೀ ಒಬ್ಬರು. ಗಣಿ ಕಾರ್ಮಿಕನ ಮಗಳಾದ ಆಕೆ ಎರಡು ತಿಂಗಳು ಮುಂಚೆ, ಮಾರ್ಚಿನ ಉಪಚುನಾವಣೆಯಲ್ಲೇ ಒಮ್ಮೆ ಗೆದ್ದು ಬಂದಿದ್ದರು. ಆಗ ಆಕೆಯ ವಯಸ್ಸಿನ ಹೆಂಗಸರ ಹೆಸರು ಮತದಾರರ ಪಟ್ಟಿಯಲ್ಲಿ ಇನ್ನೂ ಸೇರಿರಲಿಲ್ಲ.

> ಚೌಕಟ್ಟು: ಮಂಗಳೂರಿನ 23ರ ಅಭ್ಯರ್ಥಿ
>
> ಲಂಡನ್ನಿನಲ್ಲಿ ‘ಫ್ಲ್ಯಾಪರ್ ವೋಟ್’ ಬೇಡವೆಂದು ಕೂಗುತ್ತಿದ್ದ ಕಾಲದಲ್ಲೇ, 1926ರಲ್ಲಿ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿದರು. 1903ರಲ್ಲಿ ಹುಟ್ಟಿದ ಅವರಿಗೆ ಆಗ 23. ಒತ್ತಾಸೆಯಾಗಿ ನಿಂತವರಲ್ಲಿ ಐರಿಷ್ ಮತಹಕ್ಕು ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಮುಖ್ಯರು. ಅಲ್ಪ ಅಂತರದಲ್ಲಿ ಸೋತರೂ ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂಬ ಹೆಸರು ಅವರದಾಯಿತು. ಬಾಲವಿಧವೆಯಾಗಿದ್ದು ಮರುಮದುವೆಯಾಗಿ, ನಾಟಕದಲ್ಲೂ ಮೂಕಿ ಸಿನಿಮಾದಲ್ಲೂ ಬಣ್ಣ ಹಚ್ಚಿದ ಹೆಣ್ಣುಮಗಳು ಅವರು. ಆ ವರ್ಷ ಇಂಗ್ಲೆಂಡಿನಲ್ಲಿ ಅವರ ಓರಗೆಯ ಒಬ್ಬ ಹೆಂಗಸಿಗೂ ಪಾರ್ಲಿಮೆಂಟ್ ಚುನಾವಣೆಯ ಮತವಿರಲಿಲ್ಲ.

ಬೇರೆ ಊರಿನ ಓರಗೆಯವರು

ಫ್ರಾನ್ಸಿನಲ್ಲಿ ಅವಳು ‘ಗಾರ್ಸೋನ್’, ಅಂದರೆ ಹುಡುಗನಂಥವಳು. 1922ರಲ್ಲಿ ಅದೇ ಹೆಸರಿನ ಕಾದಂಬರಿ ಬರೆದ ವಿಕ್ಟರ್ ಮಾರ್ಗರಿತ್ ಅವರಿಂದ ಸರ್ಕಾರ ‘ಲೆಜಿಯನ್ ಆಫ್ ಆನರ್’ ಗೌರವವನ್ನು ಹಿಂದಕ್ಕೆ ಪಡೆಯಿತು. ಜಪಾನಿನಲ್ಲಿ ಅವಳು ‘ಮೋಗಾ’. ಮಾಡರ್ನ್ ಗರ್ಲ್ ಎಂಬುದರ ಮೊಟಕು ರೂಪ. ತಾನಿಜಾಕಿ 1924ರಿಂದ ಧಾರಾವಾಹಿಯಾಗಿ ಬರೆದ ಕಾದಂಬರಿಯ ನಯೋಮಿ ಆ ದೇಶದ ಓದುಗರಿಗೆ ಮೋಗಾ ಹುಡುಗಿಯ ಮಾದರಿಯೇ ಆದಳು.

ಭಾರತದ ತೆರೆಯ ಮೇಲೆ ಆ ಮುಖ ಸುಲೋಚನಾ ಅವರದು. ನಿಜನಾಮ ರೂಬಿ ಮೈಯರ್ಸ್. ನಟಿಯಾಗುವ ಮೊದಲು ಟೆಲಿಫೋನ್ ಆಪರೇಟರ್. 1926ರಲ್ಲಿ ‘ಟೈಪಿಸ್ಟ್ ಗರ್ಲ್’, 1927ರಲ್ಲಿ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಚಿತ್ರಗಳಲ್ಲಿ ನಟಿಸಿದರು. ಎರಡನೆಯದರಲ್ಲಿ ಅವರದು ಎಂಟು ಪಾತ್ರ. ಸಂಬಳ ತರುವ ಹುಡುಗಿ, ಟೈಪ್‌ರೈಟರ್, ಟೆಲಿಫೋನು: ಲಂಡನ್ನಿನಲ್ಲಿ ಫ್ಲ್ಯಾಪರನ್ನು ಬೆಳೆಸಿದ ವಸ್ತುಗಳೇ ಮುಂಬಯಿಯಲ್ಲೂ ಇದ್ದವು.

ಇಲ್ಲಿ ನಿಂತ ಹೆಸರು ‘ಮಾಡರ್ನ್ ಗರ್ಲ್’. 1938ರ ಕೊನೆಗೆ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ, ಹುಡುಗಿಯರನ್ನು ಕಾಡುವ ಪುಂಡರ ಬಗ್ಗೆ ಬರೆಯುತ್ತ, ಆಧುನಿಕ ಹುಡುಗಿ ಗಮನ ಸೆಳೆಯಲೆಂದೇ ಉಡುಗೆ ತೊಡುತ್ತಾಳೆ ಎಂದರು. ಕಲ್ಕತ್ತದ ಹನ್ನೊಂದು ಹುಡುಗಿಯರು ಅದನ್ನು ಖಂಡಿಸಿ ಪತ್ರ ಬರೆದರು. 1939ರ ಫೆಬ್ರುವರಿಯಲ್ಲಿ ಗಾಂಧೀಜಿ ಅದೇ ಪತ್ರಿಕೆಯಲ್ಲಿ ಉತ್ತರಿಸಿದರು. ಎಷ್ಟೇ ದೊಡ್ಡವರಾದರೂ ಹೆಸರಿಟ್ಟರೆ ಎದುರು ಮಾತು ಬರುತ್ತದೆ ಎಂಬ ಕಾಲ ಇಲ್ಲಿಯೂ ಬಂದಿತ್ತು.

> ಚೌಕಟ್ಟು: ಕನ್ನಡದಲ್ಲಿ ಏನೆನ್ನಬೇಕು?
>
> ‘ಗಂಡುಬೀರಿ’ಯಲ್ಲಿ ದಿಟ್ಟತನವಿದೆ, ಸೊಗಸಿಲ್ಲ. ‘ಒಯ್ಯಾರಿ’, ‘ಬಿನ್ನಾಣಗಿತ್ತಿ’ಗಳಲ್ಲಿ ಸೊಗಸಿದೆ, ದಿಟ್ಟತನವಿಲ್ಲ. ಬಜಾರಿನಿಂದ ಬಂದ ‘ಬಜಾರಿ’ ನಾಲ್ಕು ಜನರೆದುರು ದನಿ ಎತ್ತಿದವಳಿಗೆ ಅಂಟಿದ ಬೈಗುಳ. ‘ಗಯ್ಯಾಳಿ’ ಜಗಳದ ಮಾತು. ಅದಕ್ಕೆ ವಯಸ್ಸಿನ ಹಂಗಿಲ್ಲ. ವಯಸ್ಸು, ವೇಷ, ಎದೆಗಾರಿಕೆ ಮೂರನ್ನೂ ಒಟ್ಟಿಗೆ ಹಿಡಿಯುವ ಒಂದು ಪದ ಕನ್ನಡದಲ್ಲಿ ಇಲ್ಲದ್ದಕ್ಕೆ ‘ಫ್ಲ್ಯಾಪರ್’ ಹಾಗೆಯೇ ಉಳಿಯುತ್ತದೆ.

ಪದ ನೆಲಕ್ಕಿಳಿದದ್ದು

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಕೆಲಸಗಳು ಹೋದವು, ನೃತ್ಯಶಾಲೆಗಳು ಖಾಲಿಯಾದವು, ಲಂಗ ಮತ್ತೆ ಕೆಳಗಿಳಿಯಿತು. ಕೂದಲು ಮಾತ್ರ ಹಿಂದಿನಂತೆ ತುರುಬಿಗೆ ಮರಳಲಿಲ್ಲ. ಸಿಕ್ಕ ಮತವೂ ಕೈತಪ್ಪಲಿಲ್ಲ. ಮತ ಹಾಕುವ ಹುಡುಗಿ ಹೊಸತಲ್ಲವೆಂದಾದ ಮೇಲೆ ಅವಳಿಗೆ ಬೇರೆ ಹೆಸರು ಬೇಕಾಗಲಿಲ್ಲ. 1930ರ ದಶಕ ಸಾಗಿದಂತೆ ಪತ್ರಿಕೆಗಳು ಪದವನ್ನು ಕೈಬಿಟ್ಟವು.

ಈಗ ಅದು ಮಣಿ ಪೋಣಿಸಿದ ಉಡುಪಿನ, ವೇಷಭೂಷಣದ ಅಂಗಡಿಯ ಮಾತು. ಕೊಳಾಯಿ ಕೆಲಸದವರಿಗೆ ಫ್ಲ್ಯಾಪರ್ ಎಂದರೆ ಫ್ಲಷ್ ತೊಟ್ಟಿಯ ತಳದಲ್ಲಿ ನೀರು ಹಿಡಿದಿಡುವ ರಬ್ಬರ್ ಬಿಲ್ಲೆ. ಬೇಟೆಗಾರರ ಹಳೆಯ ಅರ್ಥವೂ ಬಳಕೆ ತಪ್ಪಿದೆ. ಇಂಗ್ಲೆಂಡಿನಲ್ಲಿ ಕಾಡುಬಾತಿನ ಬೇಟೆಗೆ ಈಗ ಸೆಪ್ಟೆಂಬರ್ 1ರ ಮುಂಚೆ ಅನುಮತಿಯಿಲ್ಲ. ಅಷ್ಟು ಹೊತ್ತಿಗೆ ಆ ವರ್ಷದ ಮರಿಗಳು ಜೊಂಡು ಬಿಟ್ಟು ಹಾರಿರುತ್ತವೆ.